ಹತ್ತೊಂಬತ್ತನೇ ತಪ್ಪು

“ಮೆಟ್ಟಿಲ ಬಳಿಯ ಬಲ್ಬು ಉರಿಯದ ಕಾರಣ, ಕತ್ತಲಲ್ಲಿ ದಾರಿ ಕಾಣದೆ, ಮೃತರು ಕಾಲು ಜಾರಿ ಬಿದ್ದಿರುತ್ತಾರೆ.”

ಜಿಗಣೆ ಆ ಸಾಲನ್ನು ಒಮ್ಮೆ ಓದಿದಳು. ಕನ್ನಡಕ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಇನ್ನೊಮ್ಮೆ ಓದಿದಳು. ಸಾಲು ಹಾಗೇ ಇತ್ತು.

“ಇನ್ಸ್‌ಪೆಕ್ಟರೇ, ಇದನ್ನ ಬರೆದದ್ದು ಯಾರು?”

“ನಾನೇ. ಯಾಕೆ, ಅಕ್ಷರ ಗೊತ್ತಾಗ್ತಿಲ್ವಾ?”

“ಅಕ್ಷರ ಮುತ್ತಿನ ಹಾಗಿದೆ. ಸತ್ತವರಿಗೆ ಏಳನೇ ವಯಸ್ಸಿಂದ ಎರಡು ಕಣ್ಣೂ ಕಾಣ್ತಿರ್ಲಿಲ್ಲ. ಅವರಿಗೆ ಬಲ್ಬು ಉರಿದ್ರೆಷ್ಟು, ಬಿಟ್ರೆಷ್ಟು?”

ಇನ್ಸ್‌ಪೆಕ್ಟರ್ ವರದಿಯನ್ನು ಎಳೆದುಕೊಂಡು ತಾನೂ ಆ ಸಾಲು ಓದಿದ. ಪಾಪ, ಆ ಸಾಲು ಬರೆಯುವಾಗ ಅವನಿಗೆ ಅದು ಹೊಳೆದೇ ಇರಲಿಲ್ಲ. ಅವನ ಮೇಲಿನವರು ಓದಿ ಮೊಹರು ಒತ್ತಿದ್ದರು, ಅವರಿಗೂ ಹೊಳೆದಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಎಲ್ಲ ಕಚೇರಿಯಲ್ಲೂ ಇರುತ್ತಾರೆ.

ಆಪರೇಟರು ಈ ಕಟ್ಟಡದ ಎರಡನೇ ಮಹಡಿಯ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿ ಅವತ್ತಿಗೆ ಒಂಬತ್ತು ದಿನ. ಹದಿನೆಂಟು ವರ್ಷ ಒಂದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು ಅಂತ ಅವರಿಗೆ ಆ ಹೆಸರು ನಿಂತಿತ್ತು. ಎರಡು ವರ್ಷದ ಹಿಂದೆ ಈ ವಿಡಿಯೋ ಗೇಮ್ ಕಂಪನಿ ಅವರನ್ನು ಸಲಹೆಗಾರರಾಗಿ ಕರೆದುಕೊಂಡಿತು. ಕಂಪನಿ ಮಾಡುತ್ತಿದ್ದ ಆಟದ ಹೆಸರು ‘ಕಗ್ಗತ್ತಲು’. ಕಣ್ಣಿದ್ದವರು ಆಟದೊಳಗೆ ಕುರುಡರಾಗಿ ತಿರುಗುವ ಆಟ.

ಆ ಆಟದ ಪೋಸ್ಟರು, ಅವರಿಗೆ ಕೂರಲು ಬಿಟ್ಟುಕೊಟ್ಟಿದ್ದ ಡೈರೆಕ್ಟರ ಕೋಣೆಯ ಗೋಡೆ ತುಂಬ ಇತ್ತು. ಬಿಳಿಚಿದ ಕಣ್ಣಿನ ಒಬ್ಬ ಮನುಷ್ಯ, ಎರಡೂ ಕೈ ಮುಂದೆ ಚಾಚಿ, ಬಾಯಿ ತೆರೆದು ಅರಚುತ್ತಿದ್ದಾನೆ. ಕೆಳಗೆ, ‘ಒಂದು ದಿನ ಕುರುಡರಾಗಿ ನೋಡಿ!’ ಆ ಆಶ್ಚರ್ಯಚಿಹ್ನೆ ನೋಡಿದಷ್ಟು ಸಲವೂ ಜಿಗಣೆಗೆ ಮೈ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ವಿಮಾ ಕಂಪನಿಗಾಗಿ ಅಪಘಾತಗಳ ಸುಳ್ಳು ನಿಜ ಜಾಲಾಡಿ, ಈಗ ಸ್ವಂತಕ್ಕೆ ಪತ್ತೇದಾರಿಕೆ ಮಾಡುತ್ತಿದ್ದ ಹೆಂಗಸು ಅವಳು. ಈ ಕೇಸಿಗೆ ಅವಳನ್ನು ಕರೆದದ್ದು ಆಪರೇಟರ ತಂಗಿ. ಹಿಡಿದರೆ ಬಿಡುವುದಿಲ್ಲ ಅಂತ ಹಳೇ ಕಚೇರಿಯವರು ಬೈದು ಇಟ್ಟ ಹೆಸರು ಜಿಗಣೆ. ಅವಳು ಅದನ್ನು ಪದಕದ ಹಾಗೆ ಧರಿಸಿಕೊಂಡಿದ್ದಳು.

“ಬಲ್ಬಿನ ಸಾಲು ಬೇಕಾದ್ರೆ ಹೊಡೆದು ಹಾಕ್ತೀನಿ ಬಿಡಿ,” ಅಂದ ಇನ್ಸ್‌ಪೆಕ್ಟರ್. “ಪಾಪ, ಕುರುಡರು. ಎಡವಿದ್ರು, ಬಿದ್ರು. ಇದರಲ್ಲಿ ಪತ್ತೆ ಮಾಡೋಕೆ ಏನಿದೆ? ಐದು ಗಂಟೆ ಒಳಗೆ ಫೈಲು ಮುಚ್ಚಿ ಕಳಿಸ್ಬೇಕು. ನೀವು ಸಹಿ ಹಾಕಿಬಿಡಿಮ್ಮಾ.”

ಕೊನೇ ಮಾತು ಆಪರೇಟರ ತಂಗಿಗೆ. ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ; ಅಂಗಡಿಯಿಂದ ನೇರ ಬಂದಿದ್ದಳು, ತೋಳಿಗೆ ನೀಲಿ ದಾರದ ಎಳೆ ಅಂಟಿತ್ತು. ಮುಂದಿದ್ದ ಕಾಗದದ ಮೇಲೆ ಎರಡೇ ಸಾಲು. ಅಣ್ಣ ಕುರುಡುತನದ ಕಾರಣ ಆಕಸ್ಮಿಕವಾಗಿ ಬಿದ್ದು ಸತ್ತದ್ದು ನಿಜ. ಈ ಬಗ್ಗೆ ನನಗೆ ಯಾರ ಮೇಲೂ ಅನುಮಾನವಿಲ್ಲ.

“ನಮ್ಮಣ್ಣ ಕಣ್ಣಿಲ್ಲ ಅಂತ ಸತ್ತಿಲ್ಲ ಸಾರ್,” ಅಂದಳು. ಒಂಬತ್ತು ದಿನದಿಂದ ಅವಳು ಹೇಳುತ್ತಿದ್ದದ್ದು ಅದೊಂದೇ ಮಾತು. “ನಲವತ್ತು ವರ್ಷ ಊರೆಲ್ಲಾ ಓಡಾಡಿದಾನೆ. ಬಸ್ ಹತ್ತಿದಾನೆ, ಇಳಿದಿದಾನೆ. ನನ್ನ ಕೈ ಹಿಡಿದು ಶಾಲೆಗೆ ಬಿಟ್ಟದ್ದು ಅವನು, ನಾನು ಅವನನ್ನಲ್ಲ. ಆ ಒಂದು ಪದ ತೆಗೀರಿ. ಆಮೇಲೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ.”

“ಪದ ತೆಗೆದ್ರೆ ಕೇಸೇ ಬೇರೆ ಆಗುತ್ತಮ್ಮಾ. ಯಾರೋ ತಳ್ಳಿದ್ರು ಅಂತ ಆಗುತ್ತೆ.”

“ಆಗ್ಲಿ ಬಿಡಿ.”

ಅವಳ ಫೋನು ಗುನುಗಿತು. ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ಗಂಡ. ಅರ್ಧ ಗಂಟೆಯಲ್ಲಿ ಅದು ಮೂರನೇ ಕರೆ. “ಆದದ್ದು ಆಯ್ತು, ಸಹಿ ಹಾಕಿ ಬಾ, ಎಷ್ಟು ದಿನ ಅಂತ ಅಲೀತೀಯಾ” ಅನ್ನುವ ದನಿ ಫೋನಿನಿಂದ ಆಚೆಗೂ ಕೇಳಿತು. ಅವಳು “ಬಂದೆ ರೀ” ಅಂದು ಇಟ್ಟಳು.

ಜಿಗಣೆ ಎದ್ದಳು. “ಐದು ಗಂಟೆಗೆ ಇನ್ನೂ ಎರಡು ಗಂಟೆ ಇದೆ. ಬನ್ನಿ ಇನ್ಸ್‌ಪೆಕ್ಟರೇ, ನಿಮ್ಮ ಬಲ್ಬು ನೋಡೋಣ.”

*

ಕಂಪನಿ ಇದ್ದದ್ದು ಮೂರನೇ ಮಹಡಿ. ಬಾಗಿಲು ದಾಟಿದರೆ ಎಡಕ್ಕೆ ಲಿಫ್ಟು, ಬಲಕ್ಕೆ ಮೆಟ್ಟಿಲು. ಆಪರೇಟರು ಲಿಫ್ಟು ಹತ್ತುತ್ತಿರಲಿಲ್ಲ. ಆ ಲಿಫ್ಟು ಯಾವ ಮಹಡಿಯಲ್ಲಿ ನಿಂತಿದೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, ಗುಂಡಿಗಳು ಗಾಜಿನ ಹಾಗೆ ನುಣುಪು. ಒಂದು ದನಿ ಹಾಕಿಸಿ, ಗುಂಡಿ ಮೇಲೆ ಮುಟ್ಟಿ ಓದುವ ನಾಲ್ಕು ಚುಕ್ಕಿ ಅಂಟಿಸಿ ಅಂತ ಅವರು ಎರಡು ವರ್ಷ ಕೇಳಿದ್ದರು. ಆಗಲಿಲ್ಲ. ಕುರುಡುತನದ ಮೇಲೆ ಆಟ ಮಾಡುವ ಕಂಪನಿಗೆ ಒಬ್ಬ ಕುರುಡನಿಗಾಗಿ ಲಿಫ್ಟು ಸರಿ ಮಾಡಿಸಲು ಪುರುಸೊತ್ತು ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮೆಟ್ಟಿಲ ನೆತ್ತಿಯಲ್ಲಿ, ಕೈಗೆಟುಕುವ ಎತ್ತರದಲ್ಲಿ, ಗೋಡೆಗೆ ಒಂದು ಬಲ್ಬು. ಜಿಗಣೆ ಕರವಸ್ತ್ರ ಸುತ್ತಿ ಅದನ್ನು ಮೆಲ್ಲಗೆ ತಿರುಗಿಸಿದಳು. ಅರ್ಧ ಸುತ್ತು. ಬಲ್ಬು ಜಗ್ಗನೆ ಉರಿಯಿತು.

“ಕೆಟ್ಟಿಲ್ಲ,” ಅಂದಳು. “ಯಾರೋ ಸಡಿಲ ಮಾಡಿದಾರೆ.”

ಇನ್ಸ್‌ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಂದ್ರೆ ಅವರನ್ನ ಬೀಳಿಸೋಕೇ ಕತ್ತಲು ಮಾಡಿದ್ರಾ?”

“ಮತ್ತೆ ಅದೇ ರಾಗ! ಆಪರೇಟರಿಗೆ ಕತ್ತಲೂ ಒಂದೇ, ಬೆಳಕೂ ಒಂದೇ ಕಣ್ರೀ. ಕತ್ತಲು ಬೇಕಾಗಿದ್ದದ್ದು ಕಣ್ಣಿದ್ದವನಿಗೆ. ಆಚೆ ಈಚೆ ಹೋಗೋ ಜನ ತನ್ನ ಮುಖ ನೋಡ್ಬಾರ್ದು ಅಂತ.”

ಅವನು ಇನ್ನು ಪಾಪ ಅನ್ನಲಿಲ್ಲ. ಅಷ್ಟರ ಮಟ್ಟಿಗೆ ಅವನು ಕೆಟ್ಟ ಮನುಷ್ಯನಲ್ಲ, ಸೋಮಾರಿ ಮಾತ್ರ. ವರದಿಯ ಕಟ್ಟನ್ನು ತಾನಾಗಿ ಜಿಗಣೆಯ ಕೈಗೆ ಕೊಟ್ಟ.

ಎರಡನೇ ಹಾಳೆಯಲ್ಲಿ ಹೆಣದ ಮೇಲೆ ಸಿಕ್ಕ ಸಾಮಾನಿನ ಪಟ್ಟಿ. ಮಾತಾಡುವ ಕೈಗಡಿಯಾರ ಒಂದು. ಕರವಸ್ತ್ರ ಒಂದು. ಬೀಗದ ಕೈ ಎರಡು. ಹೆಗಲ ಚೀಲ ಒಂದು, ಅದರೊಳಗೆ ಊಟದ ಡಬ್ಬಿ ಮತ್ತು ಮಡಿಸಿದ ಬಿಳಿ ಕೋಲು.

ಜಿಗಣೆಯ ಬೆರಳು ಅಲ್ಲಿ ನಿಂತಿತು.

“ಕೋಲು ಚೀಲದ ಒಳಗಿತ್ತಾ? ಮೊದಲು ನೋಡಿದವರು ಯಾರು?”

“ನಾನು,” ಅಂತ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಆಟಕ್ಕೆ ಸದ್ದು ಕೂಡಿಸುವ ಹುಡುಗಿ. ಕತ್ತಿನಲ್ಲಿ ಯಾವಾಗಲೂ ದಪ್ಪ ಹೆಡ್‌ಫೋನು ನೇತುಬಿದ್ದಿರುತ್ತಿದ್ದರಿಂದ ಎಲ್ಲರೂ ಅವಳನ್ನು ಸೌಂಡಮ್ಮ ಅನ್ನುತ್ತಿದ್ದರು. “ಆರೂಕಾಲಿಗೆ ನನ್ನ ರೂಮಿಂದ ಹೊರಟ್ರು. ಆರೂವರೆಗೆ ನಾನು ಇಳೀತಾ ಇದ್ದಾಗ ನೋಡಿದೆ. ಚೀಲ ಹೆಗಲಲ್ಲೇ ಇತ್ತು. ಜಿಪ್ ಪೂರ್ತಿ ಹಾಕಿತ್ತು. ನಾನು ಮುಟ್ಲಿಲ್ಲ ಮೇಡಂ. ಪೊಲೀಸ್ನೋರು ಬಂದ ಮೇಲೆ ಅವರೇ ತೆಗೆದ್ರು.”

“ಬೀಳೋ ಮನುಷ್ಯ ಕೋಲು ಮಡಿಸಿ, ಚೀಲಕ್ಕೆ ಹಾಕಿ, ಜಿಪ್ ಎಳೆದು ಆಮೇಲೆ ಬೀಳ್ತಾನಾ?”

“ಪಕ್ಕದಲ್ಲಿ ಕಂಬಿ ಇತ್ತಲ್ಲ ಮೇಡಂ,” ಅಂದ ಇನ್ಸ್‌ಪೆಕ್ಟರ್. “ಕಂಬಿ ಹಿಡ್ಕೊಂಡ್ರೆ ಕೋಲು ಯಾತಕ್ಕೆ ಅಂತ ಮಡಿಸಿರ್ಬೋದು.”

ಜಿಗಣೆ ವರದಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ತನ್ನ ಫೋನು ತೆಗೆದು ಒಂದು ಧ್ವನಿಮುದ್ರಣ ಹಾಕಿದಳು. ಆಟದಲ್ಲಿ ಇರುವ ತಪ್ಪುಗಳನ್ನೆಲ್ಲ ಆಪರೇಟರು ಹತ್ತು ತಿಂಗಳ ಹಿಂದೆ ಬಾಯಲ್ಲಿ ಹೇಳಿ ಮುದ್ರಿಸಿದ್ದರು. ಒಟ್ಟು ನಲವತ್ತಮೂರು. ಸೌಂಡಮ್ಮನಿಂದ ಅದನ್ನು ಇಸಕೊಂಡು ಜಿಗಣೆ ವಾರದಿಂದ ಕೇಳುತ್ತಿದ್ದಳು.

“ಹತ್ತೊಂಬತ್ತನೇ ತಪ್ಪು.” ಸತ್ತವರ ದನಿ ಮೆಟ್ಟಿಲ ಗೋಡೆಗೆ ತಾಗಿ ಗುಂಯ್‌ಗುಟ್ಟಿತು. ಟೆಲಿಫೋನಿನಲ್ಲಿ ಮಾತಾಡಿ ಮಾತಾಡಿ ಪಳಗಿದ, ನಗು ಅಡಗಿಸಿಟ್ಟುಕೊಂಡ ದನಿ. “ಮೆಟ್ಟಿಲು ಬಂತು ಅಂದ್ರೆ ನಿಮ್ಮ ಹೀರೋ ಕೋಲು ಮಡಿಸಿ ಚೀಲಕ್ಕೆ ಹಾಕ್ತಾನೆ. ಯಾಕಪ್ಪಾ ದೊರೆಗಳಾ? ಮೆಟ್ಟಿಲು ಬಂದಾಗ ನೀವು ನಿಮ್ಮ ಕಣ್ಣು ಕಿತ್ತು ಜೇಬಿಗೆ ಹಾಕ್ಕೊಂಡು ಇಳೀತೀರಾ? ಮೆಟ್ಟಿಲ ಮೇಲೇನೇ ನನಗೆ ಕೋಲು ಜಾಸ್ತಿ ಬೇಕು. ಒಂದು ಮೆಟ್ಟಿಲು ಮುಂದೆ ಕೋಲು, ಅದರ ಹಿಂದೆ ನಾನು. ಬರೆದುಕೊಳ್ರಪ್ಪಾ.”

ತಂಗಿ ಬಾಗಿಲಲ್ಲಿ ಬಂದು ನಿಂತಿದ್ದಳು. ಅಣ್ಣನ ದನಿ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಕೋಲು ಮೇಲೆಲ್ಲೋ ಬಿದ್ದಿರ್ಬೇಕು,” ಅಂದಳು ಜಿಗಣೆ, ಮೆಲ್ಲಗೆ. “ತಳ್ಳಿದಾಗ ಕೈ ತಪ್ಪಿ. ಕೋಲು ಮೇಲೆ, ಮನುಷ್ಯ ಕೆಳಗೆ ಇದ್ರೆ ಅನುಮಾನ ಬರುತ್ತೆ. ಅದಕ್ಕೆ ತಳ್ಳಿದವನು ಇಳಿದು ಬಂದು, ಅದು ಎಲ್ಲಿರ್ಬೇಕು ಅಂತ ತನಗೆ ಅನ್ನಿಸ್ತೋ ಅಲ್ಲಿಟ್ಟ. ಅಂದ್ರೆ ಅವನಿಗೆ ಕುರುಡರು ಗೊತ್ತಿರೋದು ಈ ಆಟದಿಂದ. ಈ ಆಟ ಕಲಿಸಿದ್ದನ್ನೇ ಅವನು ಮಾಡಿದಾನೆ.”

ಆಟ ಇರುವುದು ಎಲ್ಲಿ? ಈ ಮಹಡಿಯಲ್ಲಿ. ಆಟದ ಯಜಮಾನ ಯಾರು? ಜಿಗಣೆ ಡೈರೆಕ್ಟರ ಕೋಣೆಯ ಕಡೆ ತಿರುಗಿದಳು.

*

ಡೈರೆಕ್ಟರ್ ನಲವತ್ತು ದಾಟಿದ ನುಣ್ಣನೆ ಮನುಷ್ಯ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

“ನಮಗೂ ಅಷ್ಟೇ ದುಃಖ ಆಗಿದೆ ಮೇಡಂ. ಆಟವನ್ನ ಅವರ ನೆನಪಿಗೇ ಅರ್ಪಿಸ್ತಾ ಇದೀವಿ. ಶುರುವಿನಲ್ಲೇ ಅವರ ಫೋಟೋ ಬರುತ್ತೆ.”

“ಇನ್ನು ಮೂರು ದಿನಕ್ಕೆ ಬಿಡುಗಡೆ ಅಲ್ವಾ? ವೇದಿಕೆ ಮೇಲೆ ಅವರು ಮಾತಾಡ್ಬೇಕಿತ್ತು.”

“ಹೌದು.”

“ಏನು ಮಾತಾಡ್ತಿದ್ರು?”

ಅವನು ನೀರಿನ ಲೋಟ ಎತ್ತಿಕೊಂಡ. “ಆರು ಗಂಟೆಯಿಂದ ಏಳರವರೆಗೆ ನಾನು ಮೀಟಿಂಗಲ್ಲಿದ್ದೆ. ಬೇಕಾದ್ರೆ ಕೇಳಿ.”

“ಅದನ್ನ ನಾನು ಕೇಳಲೇ ಇಲ್ಲವಲ್ಲ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಳ್ತೀರಿ?”

ಡೈರೆಕ್ಟರ ಕಿವಿ ಕೆಂಪಾಯಿತು. ಜಿಗಣೆ ಮೇಜಿನ ಮೇಲೆ ಎರಡೂ ಕೈ ಊರಿದಳು.

“ನಾನು ಹೇಳ್ತೀನಿ ಕೇಳಿ. ಕುರುಡರೇ ಮೆಚ್ಚಿದ ಆಟ ಅಂತ ಊರ ತುಂಬಾ ಹಾಕ್ಸಿದೀರಲ್ಲ, ಅದು ಸುಳ್ಳು ಅಂತ ಅವರು ವೇದಿಕೆ ಮೇಲೇ ಹೇಳೋರಿದ್ರು. ನಲವತ್ತಮೂರು ತಪ್ಪು ತೋರಿಸಿದ್ರೆ ನೀವು ತಿದ್ದಿದ್ದು ಎಷ್ಟು?”

“ಒಂಬತ್ತು,” ಅಂದಳು ಸೌಂಡಮ್ಮ, ಬಾಗಿಲ ಬಳಿಯಿಂದ.

“ಕೊನೇ ತಪ್ಪು ಯಾವುದು ಗೊತ್ತಾ ಇನ್ಸ್‌ಪೆಕ್ಟರೇ? ಆಟ ಪೂರ್ತಿ ಗೆದ್ರೆ ಬಹುಮಾನ ಏನು ಗೊತ್ತಾ? ಹೀರೋಗೆ ಕಣ್ಣು ಬರುತ್ತೆ!”

“ಅದು ಭರವಸೆ ಮೇಡಂ,” ಅಂದ ಡೈರೆಕ್ಟರ್. “ಆಡೋರಿಗೆ ಒಂದು ಸಮಾಧಾನ ಬೇಕು. ಹೆದರಿಕೆ ಆದ್ಮೇಲೆ ಬೆಳಕು. ಜನಕ್ಕೆ ಅನುಕಂಪ ಬರ್ಲಿ ಅಂತ ತಾನೇ ನಾವು ಇದನ್ನ ಮಾಡಿದ್ದು?”

“ಯಾರಿಗ್ರೀ ಬೇಕು ನಿಮ್ಮ ಅನುಕಂಪ?”

ಕೂಗಿದ್ದು ತಂಗಿ. ಮೆತ್ತಗೆ ಅಳುತ್ತಿದ್ದ ಆ ಹೆಂಗಸಿನ ಒಳಗೆ ಇಷ್ಟು ದೊಡ್ಡ ದನಿ ಇತ್ತು ಅಂತ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಗೆದ್ದೋರಿಗೆ ಕಣ್ಣು ಬರುತ್ತೆ ಅಂದ್ರೆ ನಮ್ಮಣ್ಣ ಸೋತೋನಾ? ಬೆಳಗ್ಗೆ ಎದ್ದು ತಾನೇ ಟೀ ಕಾಸಿ ನನ್ನನ್ನ ಎಬ್ಬಿಸಿ ಕೊಡ್ತಿದ್ದ. ನಿಮ್ಮ ಆಟದ ಹಾಗೆ ಯಾರೂ ಅವನನ್ನ ಅಟ್ಟಿಸ್ಕೊಂಡು ಬರ್ತಿರ್ಲಿಲ್ಲ. ಆ ಗೋಡೆ ಮೇಲಿನವನ ಹಾಗೆ ಕೈ ಚಾಚ್ಕೊಂಡು ಅರಚ್ತಿರ್ಲಿಲ್ಲ. ಹತ್ತು ನಿಮಿಷ ಆಡಿ ಅಯ್ಯೋ ಪಾಪ ಅಂದು ಬಟನ್ ಒತ್ತಿ ಆಚೆ ಬರ್ತೀರಿ. ಬಂದ ಮೇಲೆ ಎದುರು ಸಿಕ್ಕ ನಮ್ಮಣ್ಣನಂಥೋರಿಗೆ ಕೆಲಸ ಕೊಡೋಕೂ ಹೆದರ್ತೀರಿ, ಬಿದ್ರೆ ಕುರುಡ ಅದಕ್ಕೆ ಬಿದ್ದ ಅಂತೀರಿ!”

ಇನ್ಸ್‌ಪೆಕ್ಟರ್ ನೆಲ ನೋಡಿದ. ಸಿಟ್ಟು ನ್ಯಾಯವಾದದ್ದು ಆದಾಗ ಅದಕ್ಕೆ ಅಡ್ಡ ಬರುವವನು ಮೂರ್ಖ. ಜಿಗಣೆ ಅದು ಪೂರ್ತಿ ಮುಗಿಯುವ ತನಕ ಕಾದಳು. ಆಮೇಲೆ ಪೊಲೀಸರು ವಾಪಸು ಕೊಟ್ಟು ತಂಗಿ ಹಿಡಿದುಕೊಂಡಿದ್ದ ಅಣ್ಣನ ಸಾಮಾನಿನ ಗಂಟಿನಿಂದ ಚೀಲ ತೆಗೆದು, ಚೀಲದಿಂದ ಕೋಲು ತೆಗೆದಳು. ನಾಲ್ಕು ತುಂಡಾಗಿ ಮಡಚಿದ್ದ ಕೋಲು ಕೈ ಬಿಟ್ಟ ಕೂಡಲೇ ಒಳಗಿನ ರಬ್ಬರಿನ ಎಳೆತಕ್ಕೆ ಪಟಪಟನೆ ತಾನೇ ಕೂಡಿಕೊಂಡು ನೆಟ್ಟಗಾಯಿತು.

“ಏಳಿ,” ಅಂದಳು ಡೈರೆಕ್ಟರಿಗೆ. “ಕಣ್ಣು ಮುಚ್ಚಿ, ಮೆಟ್ಟಿಲು ಇಳಿದು ತೋರಿಸಿ. ಅವರು ಹೇಗೆ ಇಳೀತಿದ್ರೋ ಹಾಗೆ.”

“ಇದೇನು ಹುಚ್ಚಾಟ?”

“ಇದನ್ನೇ ಆಟ ಅಂತ ಮಾರ್ತಿರೋದು ನೀವು. ಏಳಿ.”

ಜಿಗಣೆಗೆ ಸಂಶಯವೇ ಇರಲಿಲ್ಲ. ಮೆಟ್ಟಿಲ ತುದಿಗೆ ಬಂದ ಕೂಡಲೇ ಇವನ ಕೈ ತಾನಾಗಿ ಕೋಲು ಮಡಿಸುತ್ತದೆ, ಇನ್ಸ್‌ಪೆಕ್ಟರ ಕಣ್ಣೆದುರೇ ಸಿಕ್ಕಿಬೀಳುತ್ತಾನೆ ಅಂತ ಅವಳು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದಳು.

ಮೆಟ್ಟಿಲ ನೆತ್ತಿಗೆ ಬಂದು ಡೈರೆಕ್ಟರ್ ಕಣ್ಣು ಮುಚ್ಚಿದ. ಕೋಲನ್ನು ಹಿಡಿಯಿಂದ ತುಸು ಕೆಳಗೆ, ಪೆನ್ಸಿಲು ಹಿಡಿದ ಹಾಗೆ, ನೆಟ್ಟಗೆ ಹಿಡಿದುಕೊಂಡ. ಎಡಗೈ ಕಂಬಿಯ ಮೇಲೆ. ಕೋಲಿನ ತುದಿ ಮೊದಲ ಮೆಟ್ಟಿಲ ಅಂಚು ಹುಡುಕಿತು, ಕೆಳಗಿನದಕ್ಕೆ ಇಳಿಯಿತು, ಟಕ್ ಅಂತು. ಆಮೇಲೆ ಅವನ ಕಾಲು. ಟಕ್, ಹೆಜ್ಜೆ. ಟಕ್, ಹೆಜ್ಜೆ. ಹತ್ತು ಮೆಟ್ಟಿಲು ಒಂದೂ ತಪ್ಪದೆ ಇಳಿದು, ಕಣ್ಣು ತೆರೆದು ಮೇಲೆ ನೋಡಿದ.

“ಹತ್ತೊಂಬತ್ತನೇ ತಪ್ಪು,” ಅಂದ ಹಲ್ಲು ಕಚ್ಚಿ. “ನನಗೆ ಕಲಿಸ್ಬೇಡಿ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಪೂರ್ತಿ ಆ ಮನುಷ್ಯ ನಮ್ಮೆಲ್ಲರ ಕಣ್ಣಿಗೆ ಬಟ್ಟೆ ಕಟ್ಟಿ ಇದೇ ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿದ್ರು. ನನ್ನನ್ನ ಹನ್ನೆರಡು ಸಲ. ಮೊಣಕಾಲು ತರಚಿತ್ತು.”

ಜಿಗಣೆಗೆ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು.

“ಎಲ್ಲರನ್ನೂ ಅಂದ್ರೆ?”

“ಎಲ್ಲರನ್ನೂ ಮೇಡಂ,” ಅಂದಳು ಸೌಂಡಮ್ಮ. “ಟೀ ಕೊಡೋ ಅಮ್ಮನನ್ನೂ ಬಿಡ್ಲಿಲ್ಲ. ಅವತ್ತಿಂದ ಆಫೀಸಲ್ಲಿ ಯಾರಾದ್ರೂ ಪೆದ್ದು ಕೆಲಸ ಮಾಡಿದ್ರೆ ಹತ್ತೊಂಬತ್ತು ಅಂತಾನೇ ಬೈಯೋದು. ಆಟದಲ್ಲೂ ತಿದ್ದಿದ್ವಿ. ಈಗ ಹೀರೋ ಕೋಲು ಮಡಿಸೋದೇ ಇಲ್ಲ.”

“ಅಂದ್ರೆ ಈ ಕಂಪನಿಯಲ್ಲಿ ಇರೋ ಯಾರೂ ಆ ತಪ್ಪು ಮಾಡಲ್ಲ.”

“ನಿದ್ದೆಗಣ್ಣಲ್ಲೂ ಮಾಡಲ್ಲ.”

ಡೈರೆಕ್ಟರ್ ಹತ್ತಿ ಬಂದು, ಕೋಲನ್ನು ಜಿಗಣೆಯ ಕೈಗೆ ಹೆಚ್ಚುಕಡಿಮೆ ತುರುಕಿ, ಅಂಗಿ ಸರಿಮಾಡಿಕೊಂಡು ಒಳಗೆ ಹೋದ. ಅವನು ಕೊಲೆಗಾರ ಅಲ್ಲದೆ ಇರಬಹುದು. ಅವನನ್ನು ಕಂಡರೆ ಆಗುವ ಸಿಟ್ಟಿನಲ್ಲಿ ಜಿಗಣೆ ಒಂದು ಚೂರೂ ಕಡಿಮೆ ಮಾಡಿಕೊಳ್ಳಲಿಲ್ಲ.

*

ನಾಲ್ಕು ಗಂಟೆಯಾಗಿತ್ತು. ಮೆಟ್ಟಿಲ ಮೇಲೇ ಕೂತು ಜಿಗಣೆ ಹಣೆ ಉಜ್ಜಿಕೊಂಡಳು. ಪಕ್ಕದಲ್ಲಿ ತಂಗಿ, ಮಡಿಲಲ್ಲಿ ಸಹಿಯಾಗದ ಕಾಗದ. ಎರಡು ಮೆಟ್ಟಿಲು ಕೆಳಗೆ ಸೌಂಡಮ್ಮ. ಇನ್ಸ್‌ಪೆಕ್ಟರ್ ಕಂಬಿಗೆ ಒರಗಿ ನಿಂತಿದ್ದ.

“ಹಳೇ ಆಟ, ಅದೇ ಕೋಲು ಮಡಿಸೋದು, ಎಲ್ಲಾದ್ರೂ ಉಳಿದಿದೆಯಾ?” ಅಂತ ಕೇಳಿದಳು ಜಿಗಣೆ.

“ಇಲ್ಲ ಮೇಡಂ. ಎಲ್ಲಾ ಅಳಿಸಿದ್ವಿ.” ಸೌಂಡಮ್ಮ ತಡೆದಳು. “ಒಂದು ಬಿಟ್ಟು. ತಾವೇನು ಕೆಲಸ ಮಾಡ್ತಾರೆ ಅಂತ ಮನೆಯೋರೂ ನೋಡ್ಲಿ ಅಂತ ಆಪರೇಟರು ಕಳೆದ ವರ್ಷ ಆಟ ಹಾಕಿದ ಒಂದು ಪೆಟ್ಟಿಗೆ ತಗೊಂಡು ಹೋಗಿದ್ರು. ಅದರಲ್ಲಿರೋದು ಹಳೇದೇ.”

ಜಿಗಣೆ ಮೆಲ್ಲಗೆ ಪಕ್ಕಕ್ಕೆ ತಿರುಗಿದಳು.

“ಹೌದಕ್ಕಾ, ನಮ್ಮನೇಲಿದೆ,” ಅಂದಳು ತಂಗಿ. ಅವಳಿಗೆ ಇನ್ನೂ ಏನೂ ತಟ್ಟಿರಲಿಲ್ಲ. “ಟೀವಿಗೆ ಸಿಕ್ಕಿಸಿದಾರೆ. ನನಗೆ ಅದನ್ನ ಕಂಡ್ರಾಗಲ್ಲ, ಮುಟ್ಟಲ್ಲ. ನಮ್ಮೆಜಮಾನ್ರು ಮಾತ್ರ ದಿನಾ...”

ಮಾತು ಅಲ್ಲೇ ನಿಂತಿತು.

“ಇಲ್ಲ,” ಅಂದಳು. “ಇಲ್ಲಕ್ಕಾ. ಅವರಲ್ಲ. ದಿನಾ ಅವರೇ ಕಾರಲ್ಲಿ ಅಣ್ಣನ್ನ ಬಿಟ್ಟು ಕರ್ಕೊಂಡು ಬರ್ತಿದ್ದದ್ದು. ಮನೆ ಅಣ್ಣನ ಹೆಸರಲ್ಲಿದೆ ಅಂತ ಜಗಳ ಆಡ್ತಿದ್ರು, ಅಷ್ಟೇ.”

“ಅವತ್ತು?”

“ಅವತ್ತು ತಡ ಆಯ್ತು. ಮನೇಲೇ ಇದ್ರು. ಸುಳ್ಳಲ್ಲ, ನಾನೇ ಫೋನ್ ಮಾಡಿದ್ದೆ.” ಅವಳು ಗಡಿಬಿಡಿಯಲ್ಲಿ ಫೋನು ತೆಗೆದು ತೋರಿಸಿದಳು. ಆರು ಗಂಟೆ ಇಪ್ಪತ್ತು ನಿಮಿಷ. “ಅಂಗಡಿಯಿಂದ ಮಾಡಿದೆ, ಹೊರಟ್ರಾ ಅಂತ ಕೇಳೋಕೆ. ಇನ್ನೂ ಮನೇಲಿದೀನಿ, ಆಟ ಆಡ್ತಿದೀನಿ, ಆಮೇಲೆ ಮಾಡು ಅಂದ್ರು. ಬರೀ ಪಿಸಿಪಿಸಿ ಅಂತ ಮಾತಾಡಿದ್ರು. ಮುಖ್ಯವಾದ ಘಟ್ಟದಲ್ಲಿದ್ರೆ ಹಾಗೇ ಅವರು. ಆಟದ ಸದ್ದು ನಾನೇ ಕೇಳಿಸ್ಕೊಂಡೆ ಸಾರ್, ದೇವರಾಣೆ. ಅಣ್ಣ ಅಲ್ಲಿ ಕಾಯ್ತಿದಾನೆ, ನಿಮಗೆ ಇಲ್ಲಿ ಆಟಾನಾ ಅಂತ ಬೈದು ಇಟ್ಟೆ.”

“ಕೇಳ್ಸಿದ್ದು ಆಟದ ಸದ್ದೇ ಅಂತ ಹೇಗೆ ಗೊತ್ತು?” ಅಂತ ಇನ್ಸ್‌ಪೆಕ್ಟರ್ ಕೇಳಿದ.

“ಗೊತ್ತಾಗ್ದೆ ಏನು? ಆಟದಲ್ಲಿ ಹಾಕಿರೋದು ನಮ್ಮಣ್ಣನ ನಡಿಗೇನೇ. ಹೌದಲ್ವೇನಮ್ಮಾ?”

ಸೌಂಡಮ್ಮ ತಲೆಯಾಡಿಸಿದಳು. “ಹೌದು. ಕೋಲು, ಚಪ್ಪಲಿ, ಉಸಿರು, ಎಲ್ಲಾ ಅವರದೇ. ನಾನೇ ರೆಕಾರ್ಡ್ ಮಾಡಿದ್ದು, ಇದೇ ಕಟ್ಟಡದಲ್ಲಿ.”

“ನೋಡಿ ಮತ್ತೆ. ಮನೇಲಿ ದಿನಾ ಕೇಳ್ತೀನಿ, ಕಣ್ಣು ಮುಚ್ಚಿದ್ರೆ ಅಣ್ಣನೇ ಓಡಾಡ್ತಿರೋ ಹಾಗಿರುತ್ತೆ. ಅವತ್ತೂ ಫೋನಲ್ಲಿ ಅದೇ. ಅಣ್ಣ ಮೆಟ್ಟಿಲು ಇಳೀವಾಗ ಹೇಗೆ ಸದ್ದು ಬರುತ್ತೋ ಹಾಗೇ. ಟಕ್, ಹೆಜ್ಜೆ. ಟಕ್, ಹೆಜ್ಜೆ. ಮೊದಲು ದೂರ, ಆಮೇಲೆ ಹತ್ರ.”

ಸೌಂಡಮ್ಮ ಕೂತಲ್ಲಿಂದ ಎದ್ದು ನಿಂತಳು.

“ಮೆಟ್ಟಿಲ ಮೇಲಾ?” ಅಂದಳು. “ಕೋಲಿನ ಸದ್ದಾ?”

“ಹೂಂ. ಯಾಕೆ?”

“ನಿಮ್ಮನೇಲಿರೋದು ಹಳೇ ಆಟ ಅಕ್ಕಾ.” ಅವಳು ಒಂದು ಮೆಟ್ಟಿಲು ಹತ್ತಿ ಬಂದಳು. “ಅದರಲ್ಲಿ ಮೆಟ್ಟಿಲು ಬಂದ್ರೆ ಕೋಲು ಚೀಲದೊಳಗೆ ಹೋಗುತ್ತೆ. ಬರೀ ಹೆಜ್ಜೆ. ಟಕ್ ಅನ್ನೋದನ್ನ ನಾನು ಹಾಕೇ ಇಲ್ಲ. ಆ ಸದ್ದು ಅದರಲ್ಲಿ ಇಲ್ಲವೇ ಇಲ್ಲ.”

ಮೇಲೆ ಬಲ್ಬು ಉರಿಯುತ್ತಿತ್ತು. ಇನ್ಸ್‌ಪೆಕ್ಟರ್ ಕಂಬಿಯಿಂದ ಕೈ ತೆಗೆದ.

ಜಿಗಣೆ ಅಷ್ಟು ವರ್ಷ ಎಷ್ಟೋ ಮುಖಗಳಿಗೆ ಸತ್ಯ ತಟ್ಟುವುದನ್ನು ನೋಡಿದ್ದಳು. ಈ ಮುಖ ನೋಡಲು ಅವಳಿಗೆ ಆಗಲಿಲ್ಲ. ಒಂಬತ್ತು ದಿನದಿಂದ ಈ ಹೆಂಗಸು ಒಂದೇ ಒಂದು ಪದ ಅಳಿಸಲು ಹೋರಾಡಿದ್ದಳು. ಅದನ್ನು ಅಳಿಸಿದರೆ ಆ ಜಾಗದಲ್ಲಿ ಬಂದು ಕೂರುವ ಹೆಸರು ಅವಳ ಮನೆಯದೇ.

“ಹಾಗಾದ್ರೆ ಅದು ಅಣ್ಣ,” ಅಂದಳು ತಂಗಿ, ಯಾರಿಗೂ ಅಲ್ಲದ ಹಾಗೆ. “ನಾನು ಬೈದು ಫೋನ್ ಇಟ್ಟೆನಲ್ಲ, ಆವಾಗ ಅಣ್ಣ ಇಳಿದು ಬರ್ತಾ ಇದ್ದ.”

ಅವಳ ಕೈಯಲ್ಲಿ ಫೋನು ಗುನುಗಿತು. ಪರದೆಯ ಮೇಲೆ ‘ಯಜಮಾನ್ರು’ ಅನ್ನುವ ಅಕ್ಷರ.

ಜಿಗಣೆ ಬೇಡ ಅಂತ ಕೈ ಅಡ್ಡ ಚಾಚಿದಳು. ತಂಗಿ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. ಕೆನ್ನೆ ಒರೆಸಿಕೊಂಡು, ಫೋನನ್ನು ಕಿವಿಗೆ ಹಿಡಿದಳು.

“ಸಹಿ ಆಯ್ತಾ?” ಅಂತು ಒಳಗಿನ ದನಿ. “ಎಷ್ಟೊತ್ತು ಮಾಡ್ತೀಯೇ?”

“ಆಯ್ತು ರೀ,” ಅಂದಳು ಅವಳು. ಮಡಿಲಿನ ಕಾಗದದ ಕೆಳತುದಿ ಬರಿದಾಗಿಯೇ ಇತ್ತು. “ಸಾಕ್ಷಿ ಬೇಕಂತೆ. ನೀವೂ ಒಂದು ಸಹಿ ಹಾಕ್ಬೇಕಂತೆ. ಮೇಲೆ ಬನ್ನಿ.”